ಬಾಯಿ ತೋರಿಸು

ಮತ್ತೆ ಕೈ ತುಟಿಯ ಹತ್ತಿರ ಹೋಗಿತ್ತು. ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತವಳು ಇನ್ನೊಂದು ಕೈಯಿಂದ ಅದರ ಮಣಿಕಟ್ಟು ಹಿಡಿದು ಕೆಳಗಿಳಿಸಿದಳು, ಕಟಕಟೆಯಲ್ಲಿ ಪೊಲೀಸರು ಆರೋಪಿಯ ಕೈ ಇಳಿಸುವ ಹಾಗೆ.

ಕೆಳದುಟಿಯ ಒಳಗೆ, ಮುಂದಿನ ಹಲ್ಲುಗಳ ಬುಡಕ್ಕೆ, ಅವಳದೇ ಅಂಗುಳದಿಂದ ಕೊಯ್ದು ತೆಗೆದ ಮಾಂಸದ ಚೂರೊಂದನ್ನು ಹೊಲಿದಿದ್ದರು. ಉಗುರಿನಷ್ಟು ದೊಡ್ಡದು. ಅದು ಅಲ್ಲಿ ಬೇರು ಬಿಡಬೇಕು. ತುಟಿ ಎಳೆದರೆ ಹೊಲಿಗೆ ಕಿತ್ತು ಬರುತ್ತದೆ.

'ಎಲ್ಲರೂ ಮಾಡೋ ತಪ್ಪು ಅದೊಂದೇ,' ಅಂದಿದ್ದರು ವಸಡಿನ ಡಾಕ್ಟರು, ಕೈಗವಸು ಕಳಚುತ್ತ. 'ಎತ್ತಿ ನೋಡಬೇಡಿ. ನೋಡದಿದ್ರೆ ಬದುಕುತ್ತೆ. ಇದು ಹೋದ್ರೆ ಹಲ್ಲೂ ಹೋಗುತ್ತೆ. ಮತ್ತೆ ತೆಗೆಯೋಕೆ ನಿಮ್ಮ ಅಂಗುಳದಲ್ಲಿ ಅಷ್ಟು ಮಾಂಸ ಇಲ್ಲ.'

ವಸಡು ಯಾಕೆ ಹೀಗೆ ಸವೆಯಿತು ಎಂದು ಕೇಳಿದ್ದಕ್ಕೆ ನಕ್ಕಿದ್ದರು. 'ಬ್ರಶ್ಶಿನಲ್ಲಿ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದೀರಿ. ಸಾಲದ್ದಕ್ಕೆ ನಿದ್ದೆಯಲ್ಲಿ ಹಲ್ಲು ಕಡೀತೀರಿ. ಯಾರನ್ನ ಅಗೀತೀರಿ ಅಷ್ಟೊಂದು?'

ಅವಳು ಕೋರ್ಟಿನಲ್ಲಿ ದುಭಾಷಿ. ಕಟಕಟೆಯಲ್ಲಿ ನಿಂತವರು ಏನು ಹೇಳಿದರೂ ಅವಳು ಅದನ್ನು 'ನಾನು' ಎಂದೇ ಹೇಳಬೇಕು. 'ಇವನು ಹೊಡೆದನಂತೆ' ಎನ್ನುವ ಹಾಗಿಲ್ಲ, 'ನಾನು ಹೊಡೆದೆ' ಎನ್ನಬೇಕು. ಅಲ್ಲಿಯ ನಿಯಮ. ಹಾಗಾಗಿ ಇಷ್ಟು ವರ್ಷಗಳಲ್ಲಿ ಅವಳು ಸುತ್ತಿಗೆಯಿಂದ ತಮ್ಮನ ತಲೆ ಒಡೆದಿದ್ದಳು, ದಿಂಬು ಒತ್ತಿ ಅತ್ತೆಯನ್ನು ಮುಗಿಸಿದ್ದಳು, ಗಂಡನ ಮುಖಕ್ಕೆ ಕಾದ ಎಣ್ಣೆ ಎರಚಿದ್ದಳು, ಎಲ್ಲವನ್ನೂ ಏರಿಳಿತವಿಲ್ಲದ ಒಂದೇ ದನಿಯಲ್ಲಿ. ಸಂಜೆ ಬರುವಾಗ ಹಾಲು ತರುತ್ತಿದ್ದಳು. ಮನೆಯಲ್ಲಿ 'ನಾನು' ಎಂದು ಶುರುವಾಗುವ ವಾಕ್ಯದ ಅಗತ್ಯ ಅಷ್ಟಾಗಿ ಬೀಳುತ್ತಿರಲಿಲ್ಲ.

ಊಟದ ಮೇಜಿನ ಬಳಿ ಗಂಡ ಬೂಟಿನ ದಾರ ಬಿಗಿಯುತ್ತಿದ್ದ. ಅವಳು ತಣ್ಣನೆಯ ಮೊಸರನ್ನು ಚಮಚದಲ್ಲಿ ಗಂಟಲಿಗೆ ಜಾರಿಸಿಕೊಂಡಳು.

'ಮನೆ ಎಷ್ಟು ಹಾಯಾಗಿದೆ ನೋಡು,' ಅಂದ ಮಗಳಿಗೆ. 'ನಿಮ್ಮಮ್ಮನಿಗೆ ವರ್ಷಕ್ಕೊಂದು ಸಲ ಹೊಲಿಗೆ ಹಾಕಿಸಬೇಕು.'

'ಅಪ್ಪಾ, ಅಮ್ಮ ಮ್ಯೂಟಲ್ಲಿದ್ರೂ ಕಿವಿ ಕೇಳ್ಸುತ್ತೆ.'

'ಕೇಳ್ಲಿ ಅಂತಾನೇ ಹೇಳಿದ್ದು.'

ಮಗಳು ನಕ್ಕಳು. ಅವಳೂ ನಗಬೇಕಿತ್ತು. ತುಟಿ ಹಿಗ್ಗಿಸುವ ಹಾಗಿರಲಿಲ್ಲ. ಇದೂ ಒಂದು ಅನುಕೂಲವೇ ಅನ್ನಿಸಿತು.

'ಎಲ್ಲಿ, ಬಾಯಿ ತೋರಿಸು,' ಅಂದ ಗಂಡ.

'ಬೇಡ,' ಅಂದಳು, ಹಲ್ಲು ಬಿಡದೆ.

'ಏನು ಮಹಾ. ಒಂದು ಸಲ ನೋಡ್ತೀನಿ.'

'ಡಾಕ್ಟ್ರು ಬೇಡ ಅಂದಿದಾರೆ ರೀ.'

'ಮತ್ತಿನ್ನೇನಂತಾರೆ? ಕೆಲಸ ಕೆಟ್ಟಿರೋದು ಯಾರಿಗೂ ಕಾಣಬಾರದಲ್ಲ.'

ಅವನು ಲಿಫ್ಟುಗಳ ತಪಾಸಣೆ ಮಾಡುವವನು. ತೆರೆದು ನೋಡದೆ ಬಿಟ್ಟದ್ದೆಲ್ಲ ಕೆಟ್ಟಿರುತ್ತದೆ ಎಂಬುದು ಅವನ ನಂಬಿಕೆ. ಫ್ರಿಜ್ಜು, ಮಗಳ ಬ್ಯಾಗು, ಹೆಂಡತಿಯ ಫೋನು, ಇವನ್ನು ದಿನಕ್ಕೊಮ್ಮೆ ತೆರೆಯದಿದ್ದರೆ ಊಟ ಸೇರದು. ನಮ್ಮದು ಮುಚ್ಚುಮರೆಯಿಲ್ಲದ ಸಂಸಾರ ಎಂದು ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದ. ಮದುವೆಯಾದಾಗಿನಿಂದ ಅವಳಲ್ಲಿ ಅವನು ನೋಡದೆ ಉಳಿದ ಜಾಗ ಇದೊಂದೇ. ಉಗುರಿನಷ್ಟು.

ಅವನು ಹೋದ ಮೇಲೆ ಕೋರ್ಟಿನ ಗುಮಾಸ್ತ ಫೋನು ಮಾಡಿದ.

'ಯಾವಾಗ ಬರ್ತೀರಿ ಮೇಡಂ? ಆ ಎಣ್ಣೆ ಹೆಂಗಸಿನ ಕೇಸು ಮುಂದಕ್ಕೆ ಹೋಯ್ತು. ನೀವಿಲ್ದೆ ಅವಳ ಭಾಷೆ ಯಾರಿಗೂ ತಿಳಿಯಲ್ಲ.'

'ನೋಡ್ತೀನಿ.'

'ಜೈಲಲ್ಲೂ ಅವಳು ಬಾಯಿ ಬಿಡ್ತಿಲ್ವಂತೆ. ನಿಮಗೊಂದು ಜೊತೆಯಾಯ್ತು ಬಿಡಿ.'

ಯಾಕೆ ಎರಚಿದೆ ಎಂದು ನ್ಯಾಯಾಧೀಶರು ಕೇಳಿದ್ದರು. ಆ ಹೆಂಗಸಿನ ಉತ್ತರವನ್ನು ಅವಳು ಅದೇ ಸಪ್ಪೆ ದನಿಯಲ್ಲಿ ದಾಟಿಸಿದ್ದಳು: 'ನಾನು ಅಡುಗೆ ಮಾಡುತ್ತಿದ್ದೆ. ಅವನು ಬಂದು ಮುಚ್ಚಳ ತೆಗೆದು ನೋಡಿದ.' ಕೋರ್ಟು ನಕ್ಕಿತ್ತು. ಅವಳಿಗೂ ನಗು ಬಂದಿತ್ತು ಎಂದು ನೆನಪು. ಖಾತ್ರಿಯಿಲ್ಲ.

ಮಧ್ಯಾಹ್ನ ಗಂಡ ಹೊತ್ತಿಗೆ ಮುಂಚೆಯೇ ಬಂದ. ಬೂಟು ಬಿಚ್ಚಲಿಲ್ಲ.

'ನಮ್ಮ ಆಫೀಸಿನವನ ಹೆಂಡತಿಗೂ ಇದೇ ಮಾಡಿದ್ರಂತೆ. ಬಿಳಿಚಿಕೊಂಡು ಸತ್ತೇ ಹೋಯ್ತಂತೆ. ಬಾ ಇಲ್ಲಿ.'

'ಬೇಡ ರೀ.'

'ನನ್ನ ಹೆಂಡತಿ ಬಾಯಿ ನಾನು ನೋಡಬಾರದಾ?'

ಲಿಫ್ಟಿನ ಬಾವಿಗೆ ಹಿಡಿಯುವ ಟಾರ್ಚು ಅವನ ಕೈಯಲ್ಲಿತ್ತು. ಅವಳು ಹಿಂದೆ ಸರಿದಳು, ಫ್ರಿಜ್ಜು ಬೆನ್ನಿಗೆ ತಾಗಿತು. ಅವನು ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿ ಒಂದು ಕೈಯಲ್ಲಿ ಅವಳ ಗಲ್ಲ ಹಿಡಿದ, ಇನ್ನೊಂದರ ಹೆಬ್ಬೆರಳನ್ನು ಕೆಳದುಟಿಯೊಳಗೆ ತೂರಿಸಿ ಎಳೆದ. ದಾರ ಮಾಂಸವನ್ನು ಜಗ್ಗಿದ ಸದ್ದು ಅವಳಿಗೆ ತಲೆಬುರುಡೆಯ ಒಳಗಿಂದ ಕೇಳಿಸಿತು.

'ಅಲ್ಲಾಡಬೇಡ. ನೋಡು, ಬಿಳಿ! ನಾನು ಹೇಳ್ಲಿಲ್ವಾ? ಸತ್ತಿದೆ ಕಣೇ!' ದನಿಯಲ್ಲಿ ಸಂತೋಷವಿತ್ತು.

ಮೊದಲು ಬಿಳಿಚುವುದು ಸಹಜ, ರಕ್ತ ಹರಿಯತೊಡಗಿದ ಮೇಲೆ ಕೆಂಪಾಗುತ್ತದೆ. ಅದನ್ನು ಹೇಳಬೇಕೆಂದರೆ ಬಾಯಿ ಅವನ ಕೈಯಲ್ಲಿತ್ತು. ಖಾತ್ರಿ ಮಾಡಿಕೊಳ್ಳಲು ಅವನು ಆ ಚೂರನ್ನು ಉಗುರಿನಿಂದ ಒತ್ತಿದ.

ಅವಳು ಕಚ್ಚಿದಳು.

ಹಲ್ಲು ಹೆಬ್ಬೆರಳಿನ ಚರ್ಮ ದಾಟಿತು, ಗಟ್ಟಿಯಾದ ಏನಕ್ಕೋ ತಾಗಿ ನಿಂತಿತು. ಟಾರ್ಚು ಬಿದ್ದು ಉರುಳಿತು. ಅವನು ಕಿರುಚಿದ, ಕೆನ್ನೆಗೆ ಹೊಡೆದ, ಮತ್ತೆ ಹೊಡೆದ. ಪ್ರತಿ ಏಟಿಗೂ ದವಡೆ ಇನ್ನಷ್ಟು ಬಿಗಿಯಾಯಿತು. ತಲೆಯೊಳಗೆ ಆ ಕೋರ್ಟಿನ ದನಿ ಶಾಂತವಾಗಿ ಹೇಳುತ್ತಿತ್ತು: ನಾನು ಕಚ್ಚುತ್ತಿದ್ದೇನೆ. ಈ ವಾಕ್ಯವನ್ನು ಯಾರೂ ಅವಳಿಗೆ ಮೊದಲು ಹೇಳಿಕೊಟ್ಟಿರಲಿಲ್ಲ.

'ಅಮ್ಮಾ! ಬಿಡು!' ಮಗಳು ಬಾಗಿಲಲ್ಲಿದ್ದಳು. 'ಅಮ್ಮಾ, ಬಿಡೇ!'

ಬಿಟ್ಟಳು.

'ನಾಯಿ! ನಾಯಿ ಥರ ಕಚ್ಚಿದಾಳೆ!' ಅವನು ನಲ್ಲಿಯ ಕೆಳಗೆ ಕೈ ಹಿಡಿದು ಕೂಗಿದ. 'ನಿಂತ್ಕೊಂಡು ಏನ್ ನೋಡ್ತೀಯ? ಡಾಕ್ಟರಿಗೆ ಫೋನ್ ಮಾಡು.'

'ನಿಂಗಾ, ಅಮ್ಮಂಗಾ?'

ಮಗಳಿಗೆ ಗೊತ್ತಿದ್ದದ್ದು ವಸಡಿನ ಡಾಕ್ಟರ ನಂಬರು ಒಂದೇ. ಫೋನಿನ ಪರದೆಯ ಮೇಲೆ ಅವರ ಮುಖ ಮೂಡಿತು. ಮಗಳು ಎರಡು ಮಾತಿನಲ್ಲಿ ಹೇಳಿದಳು.

'ಮುಂದಿನ ಹಲ್ಲಲ್ಲೇ ಕಚ್ಚಿದ್ರಾ? ಅಯ್ಯೋ,' ಅಂದರು ಅವರು. 'ಈಗ ನೋಡ್ಲೇಬೇಕು. ಅಮ್ಮನ ಬಾಯಿ ತೋರಿಸಮ್ಮ.'

'ಅಮ್ಮ, ಬಾಯಿ ತೆಗಿ.' ಮಗಳ ಹೆಬ್ಬೆರಳು ತುಟಿಯತ್ತ ಬಂತು, ಅರ್ಧದಲ್ಲಿ ನಿಂತಿತು.

ಅವಳೇ ತೆರೆದಳು.

'ರಕ್ತ ಬಿಟ್ಟು ಏನೂ ಕಾಣ್ತಿಲ್ಲ. ಯಾರದಿದು?'

ಮಗಳು ನಲ್ಲಿಯ ಕಡೆ ನೋಡಿದಳು.

'ಇನ್ನೂ ಸ್ವಲ್ಪ ಅಗಲ.'

ತೆರೆದಳು. ತುಟಿಯ ತುದಿ ಬಿರಿಯಿತು. ಎಲ್ಲೋ ಒಂದು ದಾರ ಪಟ್ಟೆಂದಿತು. 'ಸಾಕು, ಸಾಕು, ಮುಚ್ಚಿ,' ಅಂದರು ಡಾಕ್ಟರು. ಮಗಳು ಫೋನು ಹಿಡಿದೇ ಹಿಂದೆ ಸರಿದಳು. ಗಂಡ ಒದ್ದೆ ಬಟ್ಟೆ ಸುತ್ತಿದ ಹೆಬ್ಬೆರಳನ್ನು ಎದೆಗವಚಿಕೊಂಡು ಮಗಳಿಗಿಂತಲೂ ಹಿಂದೆ. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ತನ್ನನ್ನು ಕಂಡಳು: ಕಣ್ಣಿಲ್ಲ, ಮೂಗಿಲ್ಲ, ಅಂಚಿನಿಂದ ಅಂಚಿಗೆ ಬರೀ ಕೆಂಪು. ಅದರೊಳಗೆ ಆ ಬಿಳಿಯ ಚೂರು ಇನ್ನೂ ಅಂಟಿಕೊಂಡಿದೆಯೋ, ಆಗಲೇ ನುಂಗಿಯಾಯಿತೋ ತಿಳಿಯಲಿಲ್ಲ. ಬಾಯಿ ಇನ್ನೂ ಅಗಲವಾಗುತ್ತಲೇ ಇತ್ತು.