ನನ್ನ ಬೆಲೆ ಹನ್ನೊಂದನೆಯ ಪುಟದಲ್ಲಿತ್ತು

ನಾನು ಒಂದು ಟ್ಯಾಬ್. ಎರಡು ಅಂಗೈ ಜೋಡಿಸಿದಷ್ಟು ಅಗಲ, ಕಪ್ಪು ಮೈ, ಗಾಜಿನ ಮುಖ. ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಕೈಗವಸು ತೊಟ್ಟ ಹುಡುಗಿಯೊಬ್ಬಳು ನನ್ನ ಮುಖ ಒರೆಸಿದಳು, ಬೆಳಕು ಬರುತ್ತದೋ ಇಲ್ಲವೋ ನೋಡಿದಳು, ಪಕ್ಕಕ್ಕಿಟ್ಟು ಮುಂದಿನವನನ್ನು ಎತ್ತಿಕೊಂಡಳು. ನಮ್ಮಲ್ಲಿ ಯಾರಿಗೂ ಅದಕ್ಕಿಂತ ಹೆಚ್ಚಿನ ಲಾಲನೆ ಸಿಗಲಿಲ್ಲ.

ಅಲ್ಲಿಂದ ಬೆಂಗಳೂರಿನ ಗೋದಾಮಿಗೆ ಬಂದೆ. ಶಿಖರಯಾನ ಎಂಬ ಆನ್‌ಲೈನ್ ಕಾಲೇಜಿನವರು ನಮ್ಮನ್ನು ಸಗಟಾಗಿ ಕೊಂಡಿದ್ದರು. ಪೆಟ್ಟಿಗೆ ಕಟ್ಟುತ್ತಿದ್ದವನು ಮೇಲಿನ ಚೀಟಿಯನ್ನು ತನ್ನ ಜೊತೆಗಾರನಿಗೆ ಓದಿ ಹೇಳಿದ: "ವಿದ್ಯಾರ್ಥಿಗಳಿಗೆ ಉಚಿತ ಕೊಡುಗೆ." ಕೊಡುಗೆ ಎಂಬ ಮಾತು ನನ್ನ ತಲೆಗೇರಿತು. ಅಂಗಡಿಯ ಗಾಜಿನ ಕಪಾಟಿನಲ್ಲಿ ಕೂತು ಚೌಕಾಸಿಗೆ ಸಿಕ್ಕುವ ಬಾಳು ನನ್ನದಲ್ಲ, ನಾನು ಒಬ್ಬರಿಗೆ ಪ್ರೀತಿಯಿಂದ ಕೊಟ್ಟ ವಸ್ತು ಎಂದುಕೊಂಡು ದಾರಿಯುದ್ದಕ್ಕೂ ಬೀಗಿದೆ.

ಒಂದು ವಿಷಯ ಹೇಳಬೇಕು. ನನ್ನ ಮುಖದ ಮೇಲೆ ಎಷ್ಟೋ ಅಕ್ಷರ ಮೂಡುತ್ತವೆ, ಆದರೆ ನನಗೆ ಓದಲು ಬರುವುದಿಲ್ಲ. ಯಾರಾದರೂ ಗಟ್ಟಿಯಾಗಿ ಓದಿದರೆ ಮಾತ್ರ ಕೇಳಿ ತಿಳಿಯುತ್ತೇನೆ. ಇದನ್ನು ಈಗಲೇ ಹೇಳದಿದ್ದರೆ, ಮುಂದೆ ನಡೆದದ್ದನ್ನು ಕೇಳಿ ನೀವು ನನ್ನನ್ನೇ ಬೈದೀರಿ.

ನಾನು ಬಂದು ಇಳಿದದ್ದು ರಾಣೆಬೆನ್ನೂರಿನ ಹೊರಗಿನ ಒಂದು ಅಂಗನವಾಡಿಯಲ್ಲಿ. ಪೆಟ್ಟಿಗೆ ಬಿಚ್ಚಿದವರು ಅಲ್ಲಿನ ಶಿಕ್ಷಕಿ ದ್ರಾಕ್ಷಾಯಣಿ. ಓಣಿಯವರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ. ಆಗ ಅವರಿಗೆ ನಲವತ್ತೊಂದು. ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಗಿ ಓದು ನಿಂತಿತ್ತು. ಗಂಡ ನಿಂಗರಾಜ ವೆಲ್ಡಿಂಗ್ ಅಂಗಡಿಯಲ್ಲಿ ದುಡಿಯುತ್ತಿದ್ದರು. ಅಂಗನವಾಡಿಯ ಶಿಕ್ಷಕಿಯರಿಗೆ ಮೇಲ್ವಿಚಾರಕಿ ಆಗುವ ಅವಕಾಶವಿತ್ತು, ಆದರೆ ಪದವಿ ಬೇಕು, ವಯಸ್ಸು ನಲವತ್ತೈದು ದಾಟಿರಬಾರದು. ಅಕ್ಕೋರಿಗೆ ಉಳಿದದ್ದು ನಾಲ್ಕು ವರ್ಷ. ಒಂದು ದಿನ ಫೋನಿನಲ್ಲಿ ಶಿಖರಯಾನದ ಜಾಹೀರಾತು ನೋಡಿ ಅವರು ತಮ್ಮ ನಂಬರು ಕೊಟ್ಟಿದ್ದರಂತೆ. ಎರಡೇ ನಿಮಿಷದಲ್ಲಿ ಆ ಕಡೆಯಿಂದ ಕರೆ ಬಂದಿತ್ತು.

ಕರೆ ಮಾಡಿದವನ ಹೆಸರು ಸುಜಿತ್. ಕಾಲೇಜಿನ ಸಲಹೆಗಾರ. ದನಿ ಬಹಳ ಮೃದು. ನಾನು ಬಂದ ದಿನ ಅವನು ನನ್ನೊಳಗೆ ವಿಡಿಯೋ ಕರೆ ಮಾಡಿದ. ಎರಡು ವರ್ಷಕ್ಕೆ ಬಿಎ ಪದವಿ, ಒಟ್ಟು ಶುಲ್ಕ ಹನ್ನೆರಡು ಸಾವಿರ, ಅದನ್ನು ನೀವು ಕಟ್ಟಿಯಾಗಿದೆ, ಇನ್ನು ಒಂದು ಪೈಸೆಯೂ ಇಲ್ಲ ಎಂದ. ಟ್ಯಾಬ್ ತಲುಪಿದ್ದಕ್ಕೆ ಒಂದು ಸಹಿ ಬೇಕು ಅಷ್ಟೇ ಎಂದು ಸೇರಿಸಿದ. ನನ್ನ ಮೇಲೆ ಇಂಗ್ಲಿಷ್ ಪುಟಗಳು ಒಂದರ ಹಿಂದೊಂದು ಸರಿದವು. ಅಕ್ಕೋರು ಓದಲು ಬಗ್ಗಿದರು.

"ಅದೆಲ್ಲಾ ಮಾಮೂಲಿ ನಿಯಮಗಳು ಮೇಡಂ, ಕೆಳಗೆ ಹೋಗಿ," ಎಂದ ಸುಜಿತ್.

ಅಕ್ಕೋರು ಕೆಳಗೆ ಹೋದರು. ಆಧಾರ್ ಕಾರ್ಡನ್ನೂ ಪಾಸ್‌ಬುಕ್ಕನ್ನೂ ನನ್ನ ಕಣ್ಣಿಗೆ ಹಿಡಿದರು. ಅವನು ಹೇಳಿದಂತೆ ನನ್ನತ್ತ ನೋಡಿ ಎರಡು ಸಲ ರೆಪ್ಪೆ ಬಡಿದರು. ಫೋನಿಗೆ ಬಂದ ಓಟಿಪಿ ಹೇಳಿದರು. ಕೊನೆಗೆ ನನ್ನ ಗಾಜಿನ ಮೇಲೆ ಬೆರಳಿನಿಂದ ಹೆಸರು ಬರೆದರು. ಆ ಬೆರಳಿನಲ್ಲಿ ಸೀಮೆಸುಣ್ಣದ ಪುಡಿ ಇತ್ತು. ಬರೆದಾದ ಮೇಲೆ ಅವರು ಸೆರಗಿನಿಂದ ನನ್ನನ್ನು ಒರೆಸಿ, ಸಹಾಯಕಿ ಫಕೀರವ್ವನಿಗೆ ತೋರಿಸಿ ನಕ್ಕರು.

ಆಮೇಲಿನ ತಿಂಗಳುಗಳು ನನ್ನ ಬದುಕಿನ ಒಳ್ಳೆಯ ಕಾಲ. ಮಧ್ಯಾಹ್ನ ಮಕ್ಕಳು ಉಂಡು ಜಮಖಾನದ ಮೇಲೆ ಮಲಗಿದರೆ ಅಕ್ಕೋರು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಪಾಠ ಓದುತ್ತಿದ್ದರು. ಗಟ್ಟಿಯಾಗಿ ಓದುವುದು ಅವರ ರೂಢಿ. ಹಾಗಾಗಿ ಕದಂಬರು, ಚಾಲುಕ್ಯರು, ಜನಸಂಖ್ಯೆಯ ಲೆಕ್ಕ, ಸಮಾಜಶಾಸ್ತ್ರದ ವ್ಯಾಖ್ಯೆಗಳು ನನಗೂ ಬಂದವು. ಫಕೀರವ್ವ ಅಕ್ಕಿ ಆರಿಸುತ್ತಾ ಕೇಳಿ, ಪುಲಕೇಶಿಗೆ ಮಕ್ಕಳೆಷ್ಟು ಎಂದು ವಿಚಾರಿಸಿದ್ದಳು. ಪಾಠ ಮಾಡುವ ಮೇಷ್ಟ್ರು ಮಾತ್ರ ಎಂದೂ ಎದುರಿಗೆ ಬರಲಿಲ್ಲ. ಬರೀ ಮೊದಲೇ ಹಿಡಿದಿಟ್ಟ ವಿಡಿಯೋ. ಪ್ರಶ್ನೆ ಕೇಳಿದರೆ 'ಶೀಘ್ರದಲ್ಲಿ ಉತ್ತರಿಸಲಾಗುವುದು' ಎಂಬ ಒಂದೇ ಸಾಲು.

ಚಿಕ್ಕ ಚಿಕ್ಕ ಶುಲ್ಕಗಳು ಬರತೊಡಗಿದವು. ಪರೀಕ್ಷೆ ಬರೆಯಲು ಒಂದು, ಉತ್ತರ ತಿದ್ದಲು ಒಂದು, ಗ್ರಂಥಾಲಯ ತೆರೆಯಲು ಒಂದು. ಸುಜಿತ್ ಇದಕ್ಕೂ ಉಪಾಯ ಹೇಳಿದ. ಅಕ್ಕೋರು ಇನ್ನಿಬ್ಬರನ್ನು ಸೇರಿಸಿದರೆ ಪರೀಕ್ಷೆಯ ಶುಲ್ಕ ಬಿಡುತ್ತಾರಂತೆ. ಅಕ್ಕೋರಿಗೆ ಅದು ಲಾಭದ ಮಾತಾಗಿ ಕಾಣಲಿಲ್ಲ, ಗೆಳತಿಯರಿಗೂ ದಾರಿಯಾಗಲಿ ಎನಿಸಿತು. ಅಂಗನವಾಡಿಯವರ ತಿಂಗಳ ಸಭೆಗೆ ನನ್ನನ್ನು ಒಯ್ದು, ತಾವು ಬರೆದ ಉತ್ತರಗಳನ್ನು ತೋರಿಸಿದರು. ಪಕ್ಕದ ಊರಿನ ಕಸ್ತೂರವ್ವ ಅಕ್ಟೋಬರಿನ ಒಂದು ಮಧ್ಯಾಹ್ನ, ಅಕ್ಕೋರ ಪಕ್ಕದಲ್ಲೇ ಕೂತು ಸೇರಿದರು. ಅಕ್ಕೋರ ಜೊತೆಗೇ ಕೆಲಸಕ್ಕೆ ಸೇರಿದವರು ಅವರು, ಹದಿನೆಂಟು ವರ್ಷದ ಗೆಳೆತನ. ಇನ್ನೊಬ್ಬರು ಹಜರತಬಿ. ಮನೆಯಲ್ಲಿ ಒಪ್ಪಿಸಲು ಅವರಿಗೆ ಬಹಳ ದಿನ ಹಿಡಿದು, ಫೆಬ್ರವರಿಯಲ್ಲಿ ಸೇರಿದರು.

ಅದೇ ಫೆಬ್ರವರಿಯ ಒಂದು ಶನಿವಾರ ಅಕ್ಕೋರು ಬ್ಯಾಂಕಿನಿಂದ ನೇರವಾಗಿ ಅಂಗನವಾಡಿಗೆ ಬಂದು, ಚಪ್ಪಲಿಯನ್ನೂ ಬಿಡದೆ ಕುಳಿತರು. ಎರಡು ತಿಂಗಳಿಂದ ಖಾತೆಯಲ್ಲಿ ಮೂರೂವರೆ ಸಾವಿರ ಕಡಿಮೆಯಾಗುತ್ತಿತ್ತು. ಗೌರವಧನ ಕಡಿಮೆ ಬಂದಿದೆ ಎಂದು ಕೇಳಲು ಹೋಗಿದ್ದರು. ಬ್ಯಾಂಕಿನ ಹುಡುಗಿ ಕಂಪ್ಯೂಟರ್ ನೋಡಿ, ಕಡಿಮೆ ಬಂದಿಲ್ಲ, ನಿಮ್ಮ ಸಾಲದ ಕಂತು ಹೋಗುತ್ತಿದೆ ಎಂದಿದ್ದಳು. ಯಾವ ಸಾಲ ಎಂದು ಇವರು ಕೇಳಿದರೆ, ಅದು ನಿಮಗೇ ಗೊತ್ತಿರಬೇಕಲ್ಲ ಎಂದಿದ್ದಳು.

ಅಂಗನವಾಡಿಯ ಹಿಂದಿನ ಮನೆಯಲ್ಲಿ ಗುತ್ತಲ ಮಾಸ್ತರರು ಇದ್ದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಫಕೀರವ್ವ ಹೋಗಿ ಅವರನ್ನು ಕರೆತಂದಳು. ಅಕ್ಕೋರು ನನ್ನೊಳಗಿದ್ದ ಆ ಹಳೆಯ ಪುಟಗಳನ್ನು ತೆರೆದುಕೊಟ್ಟರು. ಮಾಸ್ತರರು ಕನ್ನಡಕ ಏರಿಸಿ, ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತಾ ಹೋದರು. ಅವತ್ತೇ ನನಗೂ ಗೊತ್ತಾದದ್ದು, ನನ್ನ ಮುಖದ ಮೇಲೆ ಹಾದುಹೋದದ್ದು ಏನು ಎಂದು.

ಅದು ರಸೀದಿ ಆಗಿರಲಿಲ್ಲ. ಒಂದು ಹಣಕಾಸು ಕಂಪನಿಯಿಂದ ಎಂಬತ್ತಾರು ಸಾವಿರ ಸಾಲ ಪಡೆದ ಕರಾರು. ಮೊದಲ ಆರು ತಿಂಗಳು ಕಂತಿಲ್ಲ, ಆಮೇಲೆ ಖಾತೆಯಿಂದ ತಾನಾಗಿ ಕಡಿತ. ಹನ್ನೊಂದನೆಯ ಪುಟಕ್ಕೆ ಬಂದಾಗ ಮಾಸ್ತರರು ನನ್ನನ್ನು ತಿರುಗಿಸಿ ಬೆನ್ನು ನೋಡಿದರು.

"ಈ ಟ್ಯಾಬಿಗೆ ಮೂವತ್ತೊಂದು ಸಾವಿರ ಹಾಕ್ಯಾರ," ಎಂದರು. "ಪ್ಯಾಟ್ಯಾಗ ಒಂಬತ್ತಕ್ಕ ಸಿಗ್ತೈತಿ."

ನಾನು ಕೊಡುಗೆ ಆಗಿರಲಿಲ್ಲ. ಅಂಗಡಿಯಲ್ಲಿ ಕೂತಿದ್ದರೆ ಚೌಕಾಸಿ ಮಾಡಿಯಾದರೂ ಕೊಳ್ಳುತ್ತಿದ್ದರು. ನನ್ನನ್ನು ಮೂರು ಪಟ್ಟು ಬೆಲೆಗೆ, ಹೇಳದೆ, ಅವರ ತಲೆಗೆ ಕಟ್ಟಿದ್ದರು. ಅದಕ್ಕೆ ಅವರು ಸಹಿ ಹಾಕಿದ್ದು ನನ್ನ ಮೈಮೇಲೆಯೇ. ಆಗ ನನಗೆ ಆದದ್ದನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲ. ಮಾಸ್ತರರು ಓದುತ್ತಲೇ ಇದ್ದರು, ನಾನು ಬೆಳಗುತ್ತಲೇ ಇದ್ದೆ.

ಹದಿನಾಲ್ಕನೆಯ ಪುಟ: ಸೇರಿದ ಏಳು ದಿನದೊಳಗೆ ರದ್ದು ಮಾಡಬಹುದು, ಆಮೇಲೆ ಇಲ್ಲ. ಹದಿನಾರನೆಯ ಪುಟವನ್ನು ಮಾಸ್ತರರು ಮೊದಲು ಮನಸ್ಸಿನಲ್ಲೇ ಓದಿಕೊಂಡು ಆಮೇಲೆ ಹೇಳಿದರು. ಇದು ವಿಶ್ವವಿದ್ಯಾಲಯದ ಪದವಿ ಅಲ್ಲ, ಕೌಶಲ ತರಬೇತಿಯ ಪ್ರಮಾಣಪತ್ರ, ಸರ್ಕಾರಿ ನೌಕರಿಗೆ ನಡೆಯುತ್ತದೆ ಎಂದು ಸಂಸ್ಥೆ ಹೇಳುವುದಿಲ್ಲ ಎಂದು ಅಲ್ಲಿ ಬರೆದಿತ್ತು.

"ಇನ್ನೊಮ್ಮೆ ಓದ್ರಿ ಸರ," ಎಂದರು ಅಕ್ಕೋರು. ಮಾಸ್ತರರು ಮತ್ತೆ ಓದಿದರು. ಮಾತು ಬದಲಾಗಲಿಲ್ಲ. ಅಕ್ಕೋರು ಅಳಲಿಲ್ಲ. ಮಲಗಿದ್ದ ಮಕ್ಕಳ ಸಾಲನ್ನು ನೋಡುತ್ತಾ ಕುಳಿತರು. ನಾನು ಕೆಳಗಿನಿಂದ ಅವರ ಮುಖ ನೋಡುತ್ತಿದ್ದೆ.

ಆಗ ಮಾತಾಡಿದವಳು ಫಕೀರವ್ವ. "ಅಕ್ಕೋರ, ಹಜರತಬಿ ಸೇರಿ ಎಷ್ಟ ದಿನಾ ಆತ್ರಿ?"

ಅಕ್ಕೋರು ಬೆರಳು ಮಡಿಸಿದರು. ಅಂದಿಗೆ ಆರನೆಯ ದಿನ.

ಒಂದು ಗಂಟೆಯಲ್ಲಿ ಹಜರತಬಿ ಬಂದರು. ವಿಷಯ ಕೇಳಿ, ಈಗಲೇ ರದ್ದಾಗಲಿ ಎಂದರು. ಅಕ್ಕೋರು ಸುಜಿತನಿಗೆ ಕರೆ ಮಾಡಿ, ತಮ್ಮದರ ಬಗ್ಗೆ ಏನೂ ಕೇಳದೆ, ಹಜರತಬಿಯದನ್ನು ರದ್ದು ಮಾಡಿ ಎಂದರು.

"ಖಂಡಿತ ಮಾಡೋಣ ಮೇಡಂ. ಇವತ್ತು ಶನಿವಾರ ಅಲ್ವಾ, ಸಿಸ್ಟಮ್ ಕ್ಲೋಸ್ ಆಗಿದೆ. ಸೋಮವಾರ ಬೆಳಿಗ್ಗೆ ನಾನೇ ಕಾಲ್ ಮಾಡ್ತೀನಿ."

"ಸೋಮವಾರಕ್ಕ ಎಂಟನೇ ದಿನಾ ಆಗ್ತೈತಿ ಸುಜಿತ್. ಅದು ನಿಮಗ ಗೊತ್ತೈತಿ."

ಅವನು ದನಿ ತಗ್ಗಿಸಿ, "ಇಮೇಲ್ ಹಾಕಿ ಮೇಡಂ. ಇವತ್ತೇ ಹಾಕಿ. ಫೋನಲ್ಲಿ ಹೇಳಿದ್ದಕ್ಕೆ ಲೆಕ್ಕ ಇರಲ್ಲ," ಎಂದು ಕರೆ ಕತ್ತರಿಸಿದ. ಅವನು ಹೇಳಿದ ನಿಜವಾದ ಮಾತು ಅದೊಂದೇ ಇರಬೇಕು. ಮಾಸ್ತರರು ನನ್ನ ಮೇಲೆಯೇ ಇಮೇಲ್ ಬರೆದರು, ಹಜರತಬಿ ಪೂರ್ತಿ ಓದಿಸಿಕೊಂಡು ಕಳಿಸಿದರು. ಸಂಜೆಯೊಳಗೆ ಮಾಸ್ತರರು ಆ ಪುಟಗಳನ್ನೆಲ್ಲ ಪೇಟೆಯಲ್ಲಿ ಪ್ರಿಂಟ್ ತೆಗೆಸಿದರು. ಹಜರತಬಿಯ ಸಾಲ ಮೂರು ವಾರದ ನಂತರ ರದ್ದಾಯಿತು. ಅವರ ಸಹಿಯನ್ನು ಫೋನಿನಲ್ಲೇ ಪಡೆದಿದ್ದರಿಂದ, ಆಮೇಲೆ ಬಂದ ಟ್ಯಾಬ್ ಪೆಟ್ಟಿಗೆ ಬಿಚ್ಚದೆಯೇ ವಾಪಸು ಹೋಯಿತು.

ಕಸ್ತೂರವ್ವನ ಏಳು ದಿನ ಮುಗಿದು ನಾಲ್ಕು ತಿಂಗಳಾಗಿತ್ತು. ಮರುದಿನ ಅಕ್ಕೋರು ನನ್ನನ್ನೂ ಪ್ರಿಂಟುಗಳನ್ನೂ ಚೀಲಕ್ಕೆ ಹಾಕಿಕೊಂಡು ಅವರ ಮನೆಗೆ ಹೋದರು. ನಾನು ಚೀಲದೊಳಗೇ ಇದ್ದೆ, ಮುಖ ನೋಡಲಿಲ್ಲ, ಮಾತು ಮಾತ್ರ ಕೇಳಿದೆ. ಅಕ್ಕೋರು ಮೊದಲಿನಿಂದ ಕೊನೆಯವರೆಗೂ, ತಮ್ಮ ತಪ್ಪನ್ನೂ ಬಿಡದೆ ಹೇಳಿದರು. ಇಬ್ಬರನ್ನು ಸೇರಿಸಿದರೆ ತಮಗೆ ಪರೀಕ್ಷೆಯ ಶುಲ್ಕ ಬಿಡುತ್ತಾರೆ ಎಂದು ಮುಚ್ಚಿಟ್ಟದ್ದನ್ನೂ ಹೇಳಿದರು. ಕೊನೆಗೆ ಕಸ್ತೂರವ್ವ ಹೇಳಿದ್ದು ಇಷ್ಟೇ:

"ನಾ ಅವನ ಮಾತ ಕೇಳಿ ಸೇರಿದ್ದಲ್ಲ ದ್ರಾಕ್ಷಾಯಣಿ. ನೀ ಹೇಳಿದಿ ಅಂತ ಸೇರಿದೆ."

ಅಕ್ಕೋರು ಎದ್ದು ಬಂದರು. ಬಸ್ಸಿನಲ್ಲಿ ಬರುವಾಗ ಚೀಲವನ್ನು ಎದೆಗೆ ಅವುಚಿಕೊಂಡಿದ್ದರು. ಅವರ ಎದೆ ಬಡಿತ ನನಗೆ ಗಾಜಿನವರೆಗೂ ತಾಗುತ್ತಿತ್ತು.

ಮನೆಯಲ್ಲಿ ನಿಂಗರಾಜ ಸಿಟ್ಟಾಗಲಿಲ್ಲ. ನನ್ನನ್ನು ಕೈಯಲ್ಲಿ ತೂಗಿ ನೋಡಿ, ಇನ್ನು ಒಂದು ಕಂತೂ ಕೊಡುವುದು ಬೇಡ, ಏನಾಗುತ್ತದೋ ನೋಡೋಣ ಎಂದರು. ಅಕ್ಕೋರನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ ಕಡಿತ ನಿಲ್ಲಿಸಿಬಂದರು.

ಏನಾಯಿತೆಂದರೆ, ಏಪ್ರಿಲಿನ ಒಂದು ಬೆಳಿಗ್ಗೆ ಅಂಗನವಾಡಿಯಲ್ಲಿ ತಾಯಂದಿರ ಸಭೆ ನಡೆದಿತ್ತು. ಅಕ್ಕೋರು ನನ್ನನ್ನು ಗೋಡೆಗೆ ಒರಗಿಸಿ, ಮಕ್ಕಳಿಗೆ ಕೊಡುವ ಆಹಾರದ ವಿಡಿಯೋ ತೋರಿಸುತ್ತಿದ್ದರು. ಹದಿನೈದು ಮಂದಿ ಹೆಂಗಸರು ಸುತ್ತ ಕೂತಿದ್ದರು. ಒಮ್ಮೆಲೇ ನನ್ನೊಳಗೆ ಏನೋ ಮುರಿದಂತಾಯಿತು. ವಿಡಿಯೋ ನಿಂತಿತು. ನನ್ನ ಮುಖ ಪೂರ್ತಿ ಕೆಂಪಾಯಿತು. ಅದನ್ನು ನಾನು ಮಾಡಲಿಲ್ಲ, ಎಲ್ಲೋ ದೂರದಲ್ಲಿ ಕೂತವರು ಮಾಡಿದರು. ಮುಂದೆ ಕೂತಿದ್ದ ಒಬ್ಬಾಕೆ, ಶಾಲೆ ಕಲಿತವಳು, ತಡೆಯುವ ಮೊದಲೇ ಓದಿಬಿಟ್ಟಳು: "ದ್ರಾಕ್ಷಾಯಣಿ, ಇವರ ಸಾಲ ಬಾಕಿ ಇದೆ. ಬಾಕಿ ತೀರುವವರೆಗೆ ಈ ಸಾಧನಕ್ಕೆ ಬೀಗ ಹಾಕಲಾಗಿದೆ."

ಅಕ್ಕೋರು ಗುಂಡಿ ಒತ್ತಿದರು, ನಾನು ಆರಲಿಲ್ಲ. ಮತ್ತೆ ಒತ್ತಿದರು. ಅವರ ಹೆಸರು ನನ್ನ ಮುಖದ ಮೇಲೆ ಹಾಗೇ ಇತ್ತು. ಅವರ ತೊಡೆಯ ಮೇಲೆ ಕೂತು ಪಾಠ ಕೇಳಿದವನು ನಾನು. ಅವರ ಮಾನವನ್ನು ಅವರ ಮುಂದೆಯೇ ಹರಾಜು ಹಾಕುತ್ತಿದ್ದೆ. ಫಕೀರವ್ವ ಒಳಗಿನಿಂದ ಅನ್ನದ ದೊಡ್ಡ ತಟ್ಟೆ ತಂದು ನನ್ನ ಮೇಲೆ ಕವುಚಿಹಾಕಿದಳು. ಕತ್ತಲಾಯಿತು. ಆ ಕತ್ತಲಿಗೆ ನಾನು ಇವತ್ತಿಗೂ ಋಣಿ.

ತಟ್ಟೆಯ ಹೊರಗೆ ಅಕ್ಕೋರ ಬಳೆಯ ಸದ್ದು ಕೇಳಿಸಿತು. ಎದ್ದು ಹೋಗುತ್ತಾರೆ ಅಂದುಕೊಂಡೆ. ಅವರು ಹೋಗಲಿಲ್ಲ. ಅದು ಹೇಗೆ ಬಂದ ಸಾಲ ಎಂದು ಅಲ್ಲಿದ್ದ ಹೆಂಗಸರಿಗೆಲ್ಲ ಹೇಳಿದರು. ಸುಜಿತನ ಮಾತು, ಓಟಿಪಿ, ಕೆಳಗೆ ಸರಿಸಿದ ಪುಟಗಳು. ಹೇಳಿ ಮುಗಿಸಿದಾಗ ಒಬ್ಬಾಕೆ ಮೆಲ್ಲಗೆ, ತನ್ನ ತಂಗಿಗೂ ಅಂಥದೇ ಕರೆ ಬರುತ್ತಿದೆ, ಏನು ಮಾಡಲಿ ಎಂದು ಕೇಳಿದಳು.

ಆ ವಾರವೇ ಅಕ್ಕೋರು ಮತ್ತು ಮಾಸ್ತರರು ಹಾವೇರಿಯ ಗ್ರಾಹಕರ ಕೋರ್ಟಿಗೆ ಅರ್ಜಿ ಬರೆದರು. ಒಂದು ವರ್ಷ ನಾಲ್ಕು ತಿಂಗಳು ಅಲೆದಾಟ. ಕೊನೆಗೆ ಉಳಿದ ಸಾಲ ರದ್ದಾಯಿತು. ಕಟ್ಟಿದ್ದು ಬರಲಿಲ್ಲ, ಹೋದ ದಿನಗಳೂ ಬರಲಿಲ್ಲ. ಶಿಖರಯಾನದ ನಂಬರಿಗೆ ಕರೆ ಮಾಡಿದರೆ ಈಗ ಯಾರೂ ಎತ್ತುವುದಿಲ್ಲ. ಬೇರೆ ಹೆಸರಿನಲ್ಲಿ ಜಾಹೀರಾತು ಬರುತ್ತಿದೆ ಎಂದು ಮಾಸ್ತರರು ಹೇಳಿದ್ದನ್ನು ಕೇಳಿದೆ. ಕಂತು ತಪ್ಪಿದರೆ ಬೀಗ ಹಾಕುವುದು ಸಾಲದ ಕಂಪನಿ, ತೆಗೆಯಲು ಮಾತ್ರ ಕಾಲೇಜಿನವರೇ ಬೇಕಂತೆ; ಹಾಗಾಗಿ ನನ್ನ ಬೀಗ ತೆಗೆಯುವವರು ಸಿಗಲಿಲ್ಲ.

ಅಕ್ಕೋರು ಸರ್ಕಾರದ ಮುಕ್ತ ವಿಶ್ವವಿದ್ಯಾಲಯಕ್ಕೆ ಸೇರಿದ್ದಾರೆ. ಸೇರುವ ಮುಂಚೆ ಮಾನ್ಯತೆಯ ಪಟ್ಟಿಯಲ್ಲಿ ಅದರ ಹೆಸರನ್ನು ತಾವೇ ಹುಡುಕಿ ನೋಡಿದರು. ಪದವಿ ಕೈಗೆ ಬರುವಾಗ ಅವರಿಗೆ ನಲವತ್ತಾರು ದಾಟಿರುತ್ತದೆ, ಮೇಲ್ವಿಚಾರಕಿಯ ಬಾಗಿಲು ಮುಚ್ಚಿರುತ್ತದೆ. ಅದು ಅವರಿಗೆ ಗೊತ್ತು. ಆದರೂ ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ದಪ್ಪ ಪುಸ್ತಕ ತೆರೆದು ಓದುತ್ತಾರೆ.

ನಾನು ಅಂಗನವಾಡಿಯ ಕಪಾಟಿನ ಮೇಲಿನ ಅರೆಯಲ್ಲಿ, ತೂಕದ ಯಂತ್ರದ ಪಕ್ಕ ಇದ್ದೇನೆ. ಬ್ಯಾಟರಿ ಉಬ್ಬಿ ಬೆನ್ನು ಬಿರಿದಿದೆ. ನನ್ನನ್ನು ಎಸೆಯಬಹುದಿತ್ತು. ಇಂಥ ಕರೆ ಬಂದವರು ಕೇಳಲು ಬಂದಾಗ ತೋರಿಸಲೆಂದು ಅಕ್ಕೋರು ಇಟ್ಟುಕೊಂಡಿದ್ದಾರೆ. ನನ್ನನ್ನು ಕಂಡರೆ ಅವರಿಗೆ ಅಸಹ್ಯವಾಗಬೇಕಿತ್ತು. ಆಗುತ್ತದೋ ಏನೋ, ತೋರಿಸಿಕೊಂಡಿಲ್ಲ. ಪಾಠ ಕೇಳಿದ್ದೂ ನಾನೇ, ಸಹಿ ಪಡೆದದ್ದೂ ನಾನೇ. ಎರಡನ್ನೂ ಒಂದೇ ಮೈಯಲ್ಲಿ ಹೊತ್ತುಕೊಂಡು ಹೇಗಿರುವುದು ಎಂದು ಇನ್ನೂ ತಿಳಿದಿಲ್ಲ.

ಮೊನ್ನೆ ಒಂದು ಮಧ್ಯಾಹ್ನ ಬಾಗಿಲಲ್ಲಿ ಕಸ್ತೂರವ್ವ ಬಂದು ನಿಂತರು. ಎರಡು ವರ್ಷದಿಂದ ಸಭೆಗಳಲ್ಲಿಯೂ ಅಕ್ಕೋರ ಪಕ್ಕ ಕೂತವರಲ್ಲ. ಬನ್ನಿ ಎನ್ನುವ ಮೊದಲೇ ಒಳಗೆ ಬಂದು, ಚೀಲದಿಂದ ನನ್ನಂಥದೇ ಒಂದು ಟ್ಯಾಬ್ ತೆಗೆದು ಮೇಜಿನ ಮೇಲಿಟ್ಟರು. ಅದರ ಮುಖವೂ ಕೆಂಪಾಗಿತ್ತು. ಗಂಡನಿಗೆ ಹೇಳದೆ ಇಷ್ಟು ದಿನ ಹೇಗೋ ಕಂತು ಕಟ್ಟಿದ್ದರಂತೆ, ಇನ್ನು ಆಗದಂತೆ. ಅಕ್ಕೋರ ಮುಖ ನೋಡದೆ ಹೇಳಿದರು:

"ಆ ಅರ್ಜಿ ಹ್ಯಾಂಗ ಬರದಿದ್ದಿ? ನನಗೂ ಒಂದ ಬರಕೊಡು."

ಅಕ್ಕೋರು ಪುಸ್ತಕ ಮುಚ್ಚಿ, ಹಾಳೆ ಪೆನ್ನು ತೆಗೆದುಕೊಂಡರು. ಹೆಸರು ಬರೆದರು, ಊರು ಬರೆದರು. ಸೇರಿದ ದಿನಾಂಕದ ಜಾಗಕ್ಕೆ ಬಂದಾಗ ಕಸ್ತೂರವ್ವ ಚೀಲದಲ್ಲಿ ಕಾಗದ ಹುಡುಕತೊಡಗಿದರು.

"ಹುಡುಕಬ್ಯಾಡ," ಎಂದರು ಅಕ್ಕೋರು, ಬರೆಯುತ್ತಲೇ. "ಅಕ್ಟೋಬರ್ ಹನ್ನೆರಡು. ಮಧ್ಯಾಹ್ನ ಎರಡೂವರೆ."

ಕಸ್ತೂರವ್ವನ ಕೈ ಚೀಲದೊಳಗೇ ನಿಂತಿತು. ಬಂದಾಗಿನಿಂದ ಮೊದಲ ಸಲ ಅವರು ತಲೆ ಎತ್ತಿ ಅಕ್ಕೋರನ್ನು ನೋಡಿದರು.