ಸದ್ದು ಹೀರುವ ಹಲಗೆಗಳು

ಕಾಲೇಜಿನ ಹಳೆಯ ಪ್ರಾರ್ಥನಾ ಮಂದಿರವನ್ನು, ಅಂದರೆ ಚಾಪೆಲ್ಲನ್ನು, ಸೆಮಿನಾರ್ ಹಾಲ್ ಮಾಡುವ ಕೆಲಸದ ಉಸ್ತುವಾರಿ ನನ್ನದು. ಬಂದ ಸಾಮಾನು ನೋಡಿ, ಸರಿಯಿದ್ದರೆ ಸಹಿ ಹಾಕಬೇಕು. ಇಪ್ಪತ್ತೆರಡು ವರ್ಷ ಆಫೀಸಿನಲ್ಲಿದ್ದೇನೆ. ಕಣ್ಣುಮುಚ್ಚಿ ಒಂದು ಸಹಿಯನ್ನೂ ಹಾಕಿದವಳಲ್ಲ. ಹೋದ ತಿಂಗಳು ಮಾತ್ರ, ಬಣ್ಣ ಸರಿಯಿಲ್ಲ ಅಂತ ನೆಪ ಹೇಳಿ ಸರಿಯಿದ್ದ ಸಾಮಾನನ್ನೇ ವಾಪಸು ಕಳಿಸಿದೆ.

ಅವು ಗೋಡೆಗೆ ಹೊಡೆಯುವ, ಸದ್ದು ಹೀರುವ ಹಲಗೆಗಳು. ಆ ಚಾಪೆಲ್ಲಿನೊಳಗೆ ಆಡಿದ ಮಾತು ಮೇಲಿನ ಕಮಾನಿಗೆ ಹೋಗಿ ನಿಧಾನವಾಗಿ ಇಳಿದು ಬರುತ್ತದೆ. ಅಷ್ಟರಲ್ಲಿ ಮುಂದಿನ ಮಾತು ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ಮೈಕಿನಲ್ಲಿ ಮಾತಾಡುವವರಿಗೆ ಅದೊಂದು ಕಾಟ.

ನನ್ನ ಅಕ್ಕ ಹಾಡುತ್ತಿದ್ದದ್ದು ಅಲ್ಲೇ. ನಾವಿಬ್ಬರೂ ಈ ಕಾಲೇಜಿನಲ್ಲೇ ಓದಿದವರು. ಪಕ್ಕದಲ್ಲಿ ನಿಂತು ಹಾಡಿನ ಪುಸ್ತಕದ ಪುಟ ತಿರುವುವುದು ನನ್ನ ಕೆಲಸ. ಹಾಡು ಮುಗಿದು ಅವಳು ಬಾಯಿ ಮುಚ್ಚಿದ ಮೇಲೂ ದನಿ ಮೇಲೆ ಉಳಿದಿರುತ್ತಿತ್ತು. ಮನಸ್ಸಿನಲ್ಲೇ ಎಣಿಸುತ್ತಿದ್ದೆ: ಒಂದು, ಎರಡು, ಮೂರು, ನಾಲ್ಕು. ಅಕ್ಕ ಹೋಗಿ ಒಂಬತ್ತು ವರ್ಷವಾಯಿತು. ಅವಳ ಹಾಡನ್ನು ಯಾರೂ ರೆಕಾರ್ಡ್ ಮಾಡಿಟ್ಟಿಲ್ಲ.

ಹಲಗೆಗಳು ಮತ್ತೆ ಬಂದವು. ಬಡಗಿ ಮೇಸ್ತ್ರಿ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಬಣ್ಣ ನೋಡಿ ಮೇಡಂ."

"ಸ್ವಲ್ಪ ಮಬ್ಬಾಗಿ ಕಾಣ್ತಿದೆ, ಅಲ್ವಾ?"

"ಮಬ್ಬು ನಿಮ್ಮ ಕನ್ನಡಕದ್ದು. ಒರೆಸ್ಕೊಳ್ಳಿ."

ಒರೆಸಿಕೊಂಡೆ. ಬಣ್ಣ ಸರಿಯಾಗಿಯೇ ಇತ್ತು.

"ಇವು ಹೋದ ಸಲದವೇ," ಅಂದರು. "ಗೋಡೌನಿಗೆ ಹೋಗಿ ಸುತ್ತಾಡ್ಕೊಂಡು ಬಂದಿವೆ. ಯಾಕೆ ವಾಪಸ್ ಕಳ್ಸಿದ್ರಿ?"

ಸುಳ್ಳು ಹುಡುಕಿದೆ, ಸಿಗಲಿಲ್ಲ. "ನಮ್ಮಕ್ಕ ಇಲ್ಲಿ ಹಾಡ್ತಿದ್ಲು. ಇವನ್ನ ಹೊಡೆದ್ರೆ ಆ ಮಾರ್ದನಿ ಹೋಗುತ್ತೆ."

ಮೇಸ್ತ್ರಿ ಹಲಗೆಯನ್ನು ಗೋಡೆಗೆ ಒರಗಿಸಿದರು. "ಇಲ್ಲಿ ಬಂದ್ರೆ ನೀವು ಕೆಮ್ಮೋಕೂ ಹೆದರ್ತೀರಿ. ಇನ್ನು ಮಾರ್ದನಿ ಕೇಳೋದು ಯಾವಾಗ?" ಆಮೇಲೆ ಕೆಲಸದವರತ್ತ ತಿರುಗಿ, "ನಡೀರಪ್ಪ, ಟೀ ಕುಡಿಯೋಣ," ಅಂದರು. ಹೋಗುವಾಗ ಬಾಗಿಲನ್ನೂ ಎಳೆದುಕೊಂಡರು.

ಅಕ್ಕ ನಿಲ್ಲುತ್ತಿದ್ದ ಮೆಟ್ಟಿಲಿನ ಮೇಲೆ ನಿಂತೆ. ಅದಕ್ಕೂ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಅವಳ ಹಾಡಿನ ಕೊನೆಯ ಸಾಲು ಎತ್ತಿಕೊಂಡೆ. ನನ್ನದು ಕೀರಲು ದನಿ. ಸಾಲು ಮುಗಿಯುವ ಮುಂಚೆಯೇ ಉಸಿರು ಮುಗಿಯಿತು. ಮೇಲಿನಿಂದ ಅದು ಇಳಿದು ಬರುವಾಗ ಕೀರಲು ಎಲ್ಲೋ ಉದುರಿಹೋಗಿತ್ತು. ಒಂದು, ಎರಡು, ಮೂರು. ನಾಲ್ಕಕ್ಕೆ ಕಿವಿಗೊಟ್ಟು ನಿಂತೆ. ಹೊರಗೆ ಯಾರೋ ಲೋಟ ಕೆಳಗಿಟ್ಟರು.

ಬಾಗಿಲು ತೆರೆದು, ಕಾಗದ ಈಸಿಕೊಂಡು ಸಹಿ ಹಾಕಿದೆ.

"ಆ ಮೆಟ್ಟಿಲ ಕಡೆ ಗೋಡೆ ಕೊನೆಗೆ ಮಾಡಿ," ಅಂದೆ.

ಮೇಸ್ತ್ರಿ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. "ಶುಕ್ರವಾರದವರೆಗೂ ಆ ಕಡೆ ಹೋಗಲ್ಲ ಬಿಡಿ. ನಮ್ಮ ಟೀ ಹೊತ್ತು ನಿಮಗೆ ಗೊತ್ತಲ್ಲ, ಆಗ ಇಲ್ಲಿ ಯಾರೂ ಇರಲ್ಲ."