ಚಿಮಣಿ ಮೇಲಿನ ಏರಿಯಲ್

ನಮ್ಮ ಮನೆಗೆ ಟೆಲಿವಿಷನ್ ಬರುವುದಕ್ಕೆ ಹದಿನಾಲ್ಕು ತಿಂಗಳು ಮೊದಲೇ ಅದರ ಏರಿಯಲ್, ಅಂದರೆ ಮಾಡಿನ ಮೇಲೆ ನಿಲ್ಲಿಸುವ ಆಂಟೆನಾ, ಬಂದಿತ್ತು. ಇದನ್ನು ನಾನೇ ಹೇಳಿಬಿಡುವುದು ಕ್ಷೇಮ. ಬೇರೆಯವರು ಹೇಳಿದರೆ ಇನ್ನೂ ನಾಲ್ಕು ಸೇರಿಸಿ ಹೇಳುತ್ತಾರೆ.

ಆಗ ೧೯೫೪. ಇಂಗ್ಲೆಂಡಿನ ಬರ್ನ್ಲಿಯ ಹತ್ತಿ ಗಿರಣಿಯಲ್ಲಿ ನಾನು ಟ್ಯಾಕ್ಲರ್, ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವನು. ನಮ್ಮ ಕಡೆ ದಡ್ಡತನದ ಕತೆಗಳೆಲ್ಲ ಟ್ಯಾಕ್ಲರ್‌ಗಳ ತಲೆಗೇ ಕಟ್ಟಿದ್ದು. ಏಣಿ ಕಳುವಾಗಬಾರದೆಂದು ಅದನ್ನು ಮಾಡಿನ ಮೇಲೆ ಎಳೆದುಕೊಂಡು ಇಳಿಯಲಾರದೆ ಕೂತವನು ಯಾರು ಎಂದರೆ, ಟ್ಯಾಕ್ಲರ್. ನೇಯುವ ಹೆಂಗಸರು ನಮ್ಮ ಮುಖದ ಮೇಲೆಯೇ ಇಂಥವನ್ನು ಹೇಳಿ ನಗುತ್ತಿದ್ದರು. ಅವರ ಬಾಯಿಗೆ ನಾನೊಂದು ಹೊಸ ಕತೆಯಾಗಬಾರದು ಎಂಬುದೊಂದೇ ನನ್ನ ಜೀವನದ ಗುರಿಯಾಗಿತ್ತು.

ಆ ಬೇಸಿಗೆಯಲ್ಲಷ್ಟೇ ಯುದ್ಧಕಾಲದ ಮಾಂಸದ ರೇಷನ್ ಹೋಗಿತ್ತು. ಹದಿನಾಲ್ಕು ವರ್ಷ ಚೀಟಿ ಹಿಡಿದು ಸಾಲಿನಲ್ಲಿ ನಿಂತಿದ್ದ ಜನ ಈಗ ಕಂಡದ್ದನ್ನೆಲ್ಲ ಕೊಳ್ಳತೊಡಗಿದ್ದರು. ಗಿರಣಿಯ ಗುಮಾಸ್ತ ಕ್ಲೆಗ್ ತನ್ನ ಮನೆಯ ಮಾಡಿನ ಹೊಗೆ ಚಿಮಣಿಯ ಮೇಲೆ ದೊಡ್ಡದೊಂದು ಏರಿಯಲ್ ನಿಲ್ಲಿಸಿದ. ಮರುದಿನದಿಂದ ನಮ್ಮ ಅಲ್ಮಾ ಬೀದಿಯ ಹೆಂಗಸರು ಅವನಿಗೆ ‘ಮಿಸ್ಟರ್ ಕ್ಲೆಗ್’ ಅನ್ನಲು ಶುರುಮಾಡಿದರು. ನನಗೆ ಹೊಟ್ಟೆ ಉರಿಯಿತು. ವಿಚಾರಿಸಿದರೆ ತೀರ ಸಣ್ಣ ಟೆಲಿವಿಷನ್ನಿಗೂ ಅರವತ್ತೈದು ಪೌಂಡು. ನನ್ನ ಸಂಬಳ ವಾರಕ್ಕೆ ಒಂಬತ್ತು. ಏರಿಯಲ್ಲಿಗೆ ಮಾತ್ರ ನಾಲ್ಕೇ ಪೌಂಡು. ಬೀದಿಯವರಿಗೆ ಕಾಣುವುದು ಏರಿಯಲ್ ತಾನೇ?

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಮಾತನ್ನು ನನ್ನ ಚಿಮಣಿ ನೋಡಿಯೇ ಕಟ್ಟಿರಬೇಕು.

ಸುಳ್ಳು ಒಮ್ಮೆ ಹೇಳಿದರೆ ಸಾಲದು, ಅದನ್ನು ಸಾಕಬೇಕು. ಟೆಲಿವಿಷನ್ ಇರುವವರು ದೀಪ ಆರಿಸಿ ನೋಡುವ ಕಾಲ ಅದು. ಹಾಗಾಗಿ ನಾನೂ ನನ್ನ ಹೆಂಡತಿ ಹಿಲ್ಡಾಳೂ ದಿನಾ ಸಂಜೆ ಪರದೆ ಎಳೆದು, ದೀಪ ಆರಿಸಿ, ಮುಂದಿನ ಕೋಣೆಯಲ್ಲಿ ಖಾಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆವು. ಆಗಾಗ ನಾನು ಬೀದಿಗೆ ಕೇಳುವಂತೆ ನಗುತ್ತಿದ್ದೆ.

“ಕತ್ತಲಲ್ಲಿ ಹೆಣೆದೂ ಹೆಣೆದೂ ಈ ಸ್ವೆಟರಿನ ಒಂದು ತೋಳು ಮೊಳಕಾಲಿಗೆ ಬಂದಿದೆ,” ಎಂದು ಹಿಲ್ಡಾ ಗೊಣಗುವಳು. “ನೀನು ಹಾಕ್ಕೋ. ನಿನಗೇ ಸರಿಹೋಗುತ್ತೆ.”

ನವೆಂಬರಿನ ಒಂದು ಸೋಮವಾರ ಪಕ್ಕದ ಮನೆಯ ಮಿಸೆಸ್ ಹಾವರ್ತ್ ಬಾಗಿಲು ತಟ್ಟಿದಳು. ವಿಧವೆ, ನಮ್ಮದೇ ಗಿರಣಿಯಲ್ಲಿ ನಾಲ್ಕು ಮಗ್ಗ ನಡೆಸುವವಳು, ಯಾರ ಮನೆಯಲ್ಲೂ ಒಂದು ಚಮಚ ಸಕ್ಕರೆ ಸಾಲ ಕೇಳಿದವಳಲ್ಲ. ಅವಳ ಒಬ್ಬಳೇ ಮಗಳು ಡೊರೀನ್ ನಾಲ್ಕು ವರ್ಷ ತಾಯಿಯ ಪಕ್ಕದ ಮಗ್ಗಗಳಲ್ಲೇ ಕೆಲಸ ಮಾಡಿ, ಮೂರು ವರ್ಷದ ಹಿಂದೆ ಲಂಡನ್ನಿನ ನಾಟಕ ಕಂಪನಿಯಲ್ಲಿ ಕುಣಿಯುತ್ತೇನೆಂದು ಹೊರಟಿದ್ದಳು. ‘ಊರಿಗೆಲ್ಲ ಕಾಲು ತೋರಿಸೋಳು ಈ ಹೊಸ್ತಿಲು ತುಳೀಬೇಡ’ ಎಂದು ಮಿಸೆಸ್ ಹಾವರ್ತ್ ಬೀದಿಯಲ್ಲೇ ನಿಂತು ಕೂಗಿದ್ದಳು. ಆಮೇಲೆ ಇಬ್ಬರ ನಡುವೆ ಕ್ರಿಸ್ಮಸ್ಸಿಗೂ ಒಂದು ಕಾರ್ಡಿಲ್ಲ.

ಈಗ ಅವಳ ಕೈಯಲ್ಲಿ ಒಂದು ಕಾಗದ.

“ನೋಡು ವಾಲ್ಟರ್, ನಮ್ಮ ಹುಡುಗಿ ಬರ್ದಿದಾಳೆ. ಶನಿವಾರ ಎಂಟೂವರೆಗೆ ಟೆಲಿವಿಷನ್ನಲ್ಲಿ ಬರ್ತಾಳಂತೆ. ಒಂದು ಹಾಡು ಅವಳೊಬ್ಬಳದೇ ಅಂತೆ. ‘ನೋಡ್ತೀಯಾ ಅಮ್ಮ?’ ಅಂತ ಕೇಳಿದಾಳೆ, ಅಷ್ಟೇ. ಬೇರೇನೂ ಇಲ್ಲ.” ಕಾಗದವನ್ನು ಮಡಿಸಿ ಬಿಚ್ಚಿ ಮತ್ತೆ ಮಡಿಸಿದಳು. “ಆ ಕ್ಲೆಗ್‌ನ ಕೇಳಕ್ಕೆ ನನ್ನ ನಾಲಿಗೆ ಏಳಲ್ಲ. ನೀನಾದ್ರೆ ನಮ್ಮವನು. ಒಂದು ಮೂಲೇಲಿ ಕೂತು ನೋಡ್ಕೊಂಡು ಹೋಗ್ತೀನಿ.”

ಅದೇ ಹೊತ್ತಿಗೆ ‘ನಮ್ಮಲ್ಲಿ ಟೆಲಿವಿಷನ್ ಇಲ್ಲ’ ಎಂದು ಮೂರು ಪದ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು, “ಮೂಲೇಲಿ ಯಾಕೆ ಮಿಸೆಸ್ ಹಾವರ್ತ್? ಒಳ್ಳೆ ಕುರ್ಚೀಲಿ ಕೂತ್ಕೊಳ್ಳಿ.”

ಅವಳು ಹೋದ ಮೇಲೆ ಹಿಲ್ಡಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಒಳ್ಳೆ ಕುರ್ಚೀಲಿ ಕೂರ್ಸಿ ಏನ್ ತೋರಿಸ್ತೀಯಾ? ನಿನ್ನ ಮುಖನಾ?”

ಮಂಗಳವಾರ, ಬುಧವಾರ ನಾನು ಧೈರ್ಯ ಬರಲೆಂದು ಕಾದೆ. ಬರಲಿಲ್ಲ. ಗುರುವಾರ ಕಂತಿನ ಮೇಲಾದರೂ ಒಂದು ಪೆಟ್ಟಿಗೆ ತರೋಣವೆಂದು ಪೇಟೆಯ ರೇಡಿಯೋ ಅಂಗಡಿಗೆ ಹೋದೆ. ನನಗೆ ಏರಿಯಲ್ ಮಾರಿದವನೇ ಅಲ್ಲಿದ್ದ.

“ಬನ್ನಿ ಮಿಸ್ಟರ್ ಶಾರ್ಪಲ್ಸ್, ಏರಿಯಲ್ ಹೇಗಿದೆ? ಚಿತ್ರ ಚೆನ್ನಾಗಿ ಬರ್ತಿದೆಯಾ?”

“ಕನ್ನಡಿ ನೋಡಿದ ಹಾಗೆ ಬರುತ್ತೆ,” ಎಂದೆ. ದೇವರೇ ನನ್ನ ನಾಲಿಗೆಯನ್ನು ಕ್ಷಮಿಸಬೇಕು. “ನಮ್ಮ ತಂಗೀಗೆ ಒಂದು ಬೇಕಾಗಿತ್ತು.”

“ತಂದು ಜೋಡಿಸಿ ಕೊಡೋಕೆ ಎರಡು ವಾರ ಆಗುತ್ತೆ. ಹದಿನೇಳು ಮನೆ ಸಾಲಲ್ಲಿದೆ.”

ತಂಗಿ ಕಾಯುತ್ತಾಳೆ ಎಂದು ಹೇಳಿ, ಇಂಗು ತಿಂದ ಮಂಗನಂತೆ ಹೊರಗೆ ಬಂದೆ. ನನಗೆ ತಂಗಿಯೂ ಇಲ್ಲ.

ಶುಕ್ರವಾರ ಸಂಜೆ ಉಳಿದದ್ದು ಒಂದೇ ದಾರಿ. ಮಾನ ಬಿಟ್ಟು ಕ್ಲೆಗ್‌ನ ಬಾಗಿಲಿಗೆ ಹೋದೆ. ಅವನ ಮುಂದಿನ ಕೋಣೆ ಕತ್ತಲಾಗಿತ್ತು, ಪರದೆ ಎಳೆದಿತ್ತು. ಪುಣ್ಯವಂತ, ನೋಡುತ್ತಿದ್ದಾನೆ ಎಂದುಕೊಂಡೆ. ಅವನು ಬಾಗಿಲನ್ನು ಒಂದು ಗೇಣು ತೆರೆದು ಅದರಲ್ಲಿ ತನ್ನ ಹೊಟ್ಟೆಯನ್ನು ಅಡ್ಡ ಇಟ್ಟ. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಏರಿಯಲ್ ಮಾತ್ರ ಇದೆ, ಪೆಟ್ಟಿಗೆ ಇಲ್ಲ, ನಾಳೆ ಒಂದು ಗಂಟೆ ಆ ತಾಯಿಯನ್ನು ಕೂರಿಸಿಕೊಳ್ಳಿ ಮಿಸ್ಟರ್ ಕ್ಲೆಗ್, ಎಂದು ಬೇಡಿಕೊಂಡೆ.

ಕ್ಲೆಗ್ ಬೀದಿಯ ಆಚೀಚೆ ನೋಡಿ, ದನಿ ತಗ್ಗಿಸಿ, “ಏನ್ ಮಾಡೋದು ಮಾರಾಯಾ, ನನ್ನ ಮನೇಲೂ ಬರೀ ಏರಿಯಲ್ಲೇ ಇರೋದು,” ಎಂದ.

“ಮತ್ತೆ ಈ ಕತ್ತಲು?”

“ನೀನ್ಯಾಕಪ್ಪಾ ಕತ್ತಲಲ್ಲಿ ಕೂರ್ತಿದ್ದೆ? ಅದಕ್ಕೇ.”

ಇಬ್ಬರು ಗಂಡಸರು, ಒಬ್ಬರ ಮುಖ ಒಬ್ಬರು ನೋಡಲಾರದೆ, ಹೊಸ್ತಿಲ ಆಚೆ ಒಬ್ಬ ಈಚೆ ಒಬ್ಬ ನಿಂತೆವು. ನನಗೆ ನಗು ಬರಬೇಕಿತ್ತು. ಬಂದದ್ದು ಅಳು. ಅವನನ್ನು ನೋಡಿ ಹೊಟ್ಟೆ ಉರಿಸಿಕೊಂಡ ಅಷ್ಟೂ ದಿನ ದಂಡವಾಯಿತಲ್ಲ ಎಂದು.

ಶನಿವಾರ ಎಂಟು ಗಂಟೆಗೆ ಮಿಸೆಸ್ ಹಾವರ್ತ್ ಬಂದಳು. ಭಾನುವಾರ ಚರ್ಚಿಗೆ ಹಾಕುವ ಟೋಪಿ, ಮದುವೆಯ ಬ್ರೂಚು, ಕೈಯಲ್ಲಿ ಬಟ್ಟೆ ಮುಚ್ಚಿದ ಆಲೂಗಡ್ಡೆ ಪೈ. ಮಗಳನ್ನು ತಾನು ನೋಡುವಂತೆ ಮಗಳೂ ತನ್ನನ್ನು ನೋಡುತ್ತಾಳೆ ಎಂಬಂತೆ ಸಿಂಗರಿಸಿಕೊಂಡಿದ್ದಳು. ಕೋಣೆಯನ್ನೊಮ್ಮೆ ಸುತ್ತ ನೋಡಿ, “ಎಲ್ಲಿಟ್ಟಿದೀಯಪ್ಪ ಪೆಟ್ಟಿಗೆ?” ಎಂದಳು.

ಪೆಟ್ಟಿಗೆ ಕೆಟ್ಟಿದೆ, ರಿಪೇರಿಗೆ ಹೋಗಿದೆ ಎಂದು ದಿನವೆಲ್ಲ ಬಾಯಿಪಾಠ ಮಾಡಿದ್ದೆ. ಆ ಟೋಪಿ ನೋಡಿದ ಮೇಲೆ ಅದು ಹೊರಡಲಿಲ್ಲ.

“ಮಿಸೆಸ್ ಹಾವರ್ತ್, ನಮ್ಮನೇಲಿ ಟೆಲಿವಿಷನ್ ಇಲ್ಲ. ಯಾವತ್ತೂ ಇರ್ಲಿಲ್ಲ.”

ಅವಳು ಪೈಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು. “ಮತ್ತೆ ದಿನಾ ಸಂಜೆ ನಗ್ತಿದ್ದೆಯಲ್ಲೋ?”

“ಸುಮ್ಮನೆ ನಗ್ತಿದ್ದೆ.”

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು. ಒಳ್ಳೆಯ ಕುರ್ಚಿಯಲ್ಲಿ ಕೂತು, ಖಾಲಿ ಗೋಡೆ ನೋಡುತ್ತ, “ನಾನು ನೋಡ್ತೀನಿ ಅಂತ ಅವಳಿಗೆ ಬರ್ದುಬಿಟ್ಟೆನಲ್ಲ,” ಎಂದಳು ಮಾತ್ರ. ನನ್ನ ಬದುಕಿನಲ್ಲಿ ನಾನು ಅಷ್ಟು ಸಣ್ಣವನಾದದ್ದು ಇನ್ನೊಂದು ದಿನವಿಲ್ಲ.

ಹಿಲ್ಡಾ ಆಗಲೇ ಕೋಟು ಹಾಕಿಕೊಳ್ಳುತ್ತಿದ್ದಳು. “ರೇಡಿಯೋ ಅಂಗಡಿ ಕಿಟಕೀಲಿ ಒಂದು ಪೆಟ್ಟಿಗೆ ಒಂಬತ್ತರ ತನಕ ಓಡ್ತಾನೇ ಇರುತ್ತೆ, ಜನ ಆಸೆ ಪಡ್ಲಿ ಅಂತ. ಏಳಿ, ಏಳಿ! ಇಪ್ಪತ್ತು ನಿಮಿಷ ಇದೆ.”

ಓಡಿದೆವು. ಟೋಪಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಅವಳು, ಅವಳ ಇನ್ನೊಂದು ಕೈ ಹಿಡಿದು ನಾನು. ಬೀದಿಯ ತುದಿಯಲ್ಲಿ ಕ್ಲೆಗ್ ಕೂಡ ಮನೆಯೊಳಗಿನ ಚಪ್ಪಲಿಯಲ್ಲೇ ಸೇರಿಕೊಂಡ. ಏಕೆ ಎಂದು ಯಾರೂ ಕೇಳಲಿಲ್ಲ.

ಅಂಗಡಿಯ ಮುಂದೆ ಜಿಟಿಜಿಟಿ ಮಳೆಯಲ್ಲಿ ಹತ್ತು ಹನ್ನೆರಡು ಜನ ನಿಂತು, ವೃತ್ತಪತ್ರಿಕೆಯ ಪೊಟ್ಟಣದಿಂದ ಚಿಪ್ಸ್ ತಿನ್ನುತ್ತ ನೋಡುತ್ತಿದ್ದರು. ಕಿಟಕಿಯ ಹಿಂದೆ ಒಂದು ಗೇಣಗಲದ ಬೂದು ಚಿತ್ರ. ನಾನು ಮೊಣಕೈಯಿಂದ ದಾರಿ ಮಾಡಿ ಮಿಸೆಸ್ ಹಾವರ್ತಳನ್ನು ಗಾಜಿನ ಎದುರಿಗೆ ನಿಲ್ಲಿಸಿದೆ. ಆಗಲೇ ತಿಳಿದದ್ದು, ದಪ್ಪ ಗಾಜಿನಾಚೆ ಸದ್ದು ಒಂದಿಷ್ಟೂ ಕೇಳುವುದಿಲ್ಲ. ಒಳಗೆ ಹೋಗೋಣವೆಂದರೆ ಬಾಗಿಲಿಗೆ ಬೀಗ.

“ಹಾಡು ಕೇಳಲ್ಲ, ಮಿಸೆಸ್ ಹಾವರ್ತ್,” ಎಂದೆ.

“ಸುಮ್ನಿರೋ,” ಎಂದಳು.

ಡೊರೀನ್ ಬಂದಳು. ಉದ್ದನೆಯ ನಿಲುವಂಗಿ, ಕಾಲು ಕಾಣುತ್ತಲೇ ಇರಲಿಲ್ಲ. ಬಾಯಿ ತೆರೆದು ಹಾಡತೊಡಗಿದಳು. ನಮ್ಮ ಪಕ್ಕದಲ್ಲಿದ್ದವರು “ಯಾವ ಹಾಡೋ ಏನೋ” ಎಂದು ಚಿಪ್ಸಿಗೆ ಮರಳಿದರು. ಆದರೆ ಮಿಸೆಸ್ ಹಾವರ್ತಳ ತುಟಿಗಳು ಅಲುಗುತ್ತಿದ್ದವು. ನೇಯುವ ಷೆಡ್ಡಿನಲ್ಲಿ ಐನೂರು ಮಗ್ಗಗಳ ಅಬ್ಬರಕ್ಕೆ ಕಿವಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ನಮ್ಮ ಹೆಂಗಸರು ದನಿಯಿಲ್ಲದೆ ತುಟಿಯಲ್ಲೇ ಮಾತಾಡುತ್ತಾರೆ, ಈ ಗೋಡೆಯಿಂದ ಆ ಗೋಡೆಗೆ ಜಗಳವನ್ನೂ ಆಡುತ್ತಾರೆ. ಅವಳು ಮಗಳ ತುಟಿಯಿಂದ ಒಂದೊಂದೇ ಪದ ಎತ್ತಿಕೊಂಡು ಮೆಲ್ಲಗೆ ಹಾಡುತ್ತಿದ್ದಳು. ಚಿಪ್ಸ್ ತಿನ್ನುವವರು ತಿನ್ನುವುದನ್ನು ನಿಲ್ಲಿಸಿದರು. ಕ್ಲೆಗ್ ಮೂಗೊರೆಸಿಕೊಂಡ.

ಹಾಡು ಮುಗಿಯಿತು. ಲಂಡನ್ನಿನಲ್ಲಿ ಚಪ್ಪಾಳೆ ಬಿದ್ದಿರಬೇಕು, ಹುಡುಗಿ ತಲೆಬಾಗಿ ವಂದಿಸಿದಳು. ತಲೆ ಎತ್ತಿದವಳು ನೇರ ನಮ್ಮನ್ನೇ ನೋಡಿ ತುಟಿ ಆಡಿಸಿದಳು. ಮನೆಯಲ್ಲಿ ಪೆಟ್ಟಿಗೆ ಇಟ್ಟುಕೊಂಡವರಿಗೆಲ್ಲ ಅದು ಬರೀ ನಗುವಾಗಿ ಕಂಡಿರುತ್ತದೆ. ಇಪ್ಪತ್ತು ವರ್ಷ ಆ ಷೆಡ್ಡಿನಲ್ಲಿ ಕಳೆದ ನನಗೂ ಅದು ತಿಳಿಯಿತು.

‘ಮನೆಗೆ ಬರ್ಲಾ, ಅಮ್ಮ?’

ಮಿಸೆಸ್ ಹಾವರ್ತ್ ಗಾಜಿಗೆ ಇನ್ನಷ್ಟು ಹತ್ತಿರ ಹೋದಳು. ದನಿ ತೆಗೆಯದೆ, ಷೆಡ್ಡಿನಲ್ಲಿ ಹೇಳುವಂತೆ ತುಟಿಯನ್ನು ಅಗಲವಾಗಿ ಅಲುಗಿಸಿ, ಉತ್ತರ ಕೊಟ್ಟಳು. ಅಷ್ಟರಲ್ಲಿ ಪೆಟ್ಟಿಗೆಯಲ್ಲಿ ಹುಡುಗಿ ಹೋಗಿ ಒಬ್ಬ ಜಾದೂಗಾರ ಮೊಲ ಹಿಡಿದು ನಿಂತಿದ್ದ.

“ಅವಳಿಗೆ ಕಾಣ್ಸಿರಲ್ಲ, ಅಲ್ವಾ?” ಎಂದು ನನ್ನ ಕಡೆ ತಿರುಗಿದಳು.

“ಇಲ್ಲ ಮಿಸೆಸ್ ಹಾವರ್ತ್.”

“ಹಂಗಾದ್ರೆ ನಾಳೆ ಬೆಳಿಗ್ಗೆ ಬರೀಬೇಕು.”

ಇದೆಲ್ಲ ಒಳ್ಳೆಯದಕ್ಕೇ ಆಯಿತು, ನನ್ನ ಮನೆಯಲ್ಲಿ ಸದ್ದಿರುವ ಪೆಟ್ಟಿಗೆ ಇದ್ದಿದ್ದರೆ ನೀವು ಹಾಡು ಕೇಳುತ್ತ ತುಟಿ ನೋಡುವುದನ್ನೇ ಮರೆಯುತ್ತಿದ್ದಿರಿ ಎಂದು ಹೇಳಲು ನಾನು ಬಾಯಿ ತೆರೆದೆ. ಹಿಲ್ಡಾ ನನ್ನ ಕಾಲು ತುಳಿದಳು. ಅಷ್ಟರಲ್ಲಿ ಮಿಸೆಸ್ ಹಾವರ್ತ್ ಮಳೆಯಲ್ಲಿ ಬಿರಬಿರನೆ ಹೊರಟೇಬಿಟ್ಟಿದ್ದಳು.

“ಎಲ್ಲಿಗೆ ಓಡ್ತಿದೀರಿ? ನಿಂತ್ಕೊಳ್ಳಿ, ಜೊತೇಲಿ ಹೋಗೋಣ!” ಎಂದು ಕೂಗಿದೆ.

“ಹಿಂದಿನ ಕೋಣೇಲಿ ಅವಳ ಹಾಸಿಗೆ ಬೆಚ್ಚಗಾಗೋಕೆ ಬಿಸಿನೀರಿನ ಸೀಸೆ ಇಡ್ಬೇಕು,” ಎಂದಳು, ತಿರುಗಿ ನೋಡದೆ. “ಮೂರು ವರ್ಷದಿಂದ ಥಂಡಿ ಹಿಡ್ದು ಬಿದ್ದಿದೆ.”